ತೋಟಾ ತುಂಬುವ ಪ್ರೆಸ್ ಮಧ್ಯದಲ್ಲಿ ಸಿಕ್ಕಿಕೊಂಡರೆ ಮತ್ತೆ ಹಿಡಿ ಎಳೆಯಬೇಡಿ

ಅಮೆರಿಕದಲ್ಲಿದ್ದು ಮನೆಯಲ್ಲೇ ತೋಟಾ ತುಂಬಿಕೊಳ್ಳುವ ಕನ್ನಡದ ಗೆಳೆಯರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ತಿಂಗಳು ನನ್ನ ಬಲಗೈ ಉಳಿದದ್ದು ಪಕ್ಕದ ಲೇನಿನಲ್ಲಿದ್ದ ಹಿರಿಯರೊಬ್ಬರ ಕಿವಿ ಚುರುಕಾಗಿದ್ದರಿಂದ.

ಒಹಾಯೋದಲ್ಲಿ ನಾನು ಹೋಗುವ ರೇಂಜಿನಲ್ಲಿ .38 ಸ್ಪೆಷಲ್ ರಿವಾಲ್ವರ್ ಹಾರಿಸುತ್ತಿದ್ದೆ. ತೋಟಾಗಳೆಲ್ಲ ನಾನೇ ತುಂಬಿದವು. ಹದಿನೈದನೆಯದು ಢಂ ಎನ್ನುವ ಬದಲು ಟಪ್ ಎಂದಿತು. ಕೈಗೆ ಒದೆತ ಬರಲಿಲ್ಲ. ಇದೊಂದು ಠುಸ್ಸಾಯಿತು ಅಂದುಕೊಂಡು ಮುಂದಿನದಕ್ಕೆ ಟ್ರಿಗರ್ ಎಳೆಯಲು ಶುರುಮಾಡಿಯೇಬಿಟ್ಟಿದ್ದೆ. ಅಷ್ಟರಲ್ಲಿ ಆ ಹಿರಿಯರು "ಸ್ಟಾಪ್! ಸ್ಟಾಪ್!" ಎಂದು ಕೂಗಿದರು. ಆ ಕೂಗಿಗೆ ಬೆರಳು ತಾನಾಗಿಯೇ ಹೊರಗೆ ಬಂತು.

ಸಿಲಿಂಡರ್ ಖಾಲಿ ಮಾಡಿ ನೋಡಿದರೆ ಗುಂಡು ನಳಿಗೆಯೊಳಗೇ ಕೂತಿತ್ತು. ಆ ತೋಟಾದಲ್ಲಿ ಮದ್ದೇ ಇರಲಿಲ್ಲ. ಬರೀ ಪ್ರೈಮರಿನ (ತೋಟಾದ ತಳದಲ್ಲಿದ್ದು ಮದ್ದಿಗೆ ಬೆಂಕಿ ಹಚ್ಚುವ ಸಣ್ಣ ಬಿಲ್ಲೆ) ಕಿಡಿಗೆ ಗುಂಡನ್ನು ಒಂದೆರಡು ಇಂಚು ನೂಕುವಷ್ಟು ಬಲ ಇರುತ್ತದೆ, ಹೊರಗೆ ಹಾಕುವಷ್ಟು ಇರುವುದಿಲ್ಲ. ಅದರ ಹಿಂದೆಯೇ ಇನ್ನೊಂದು ಹಾರಿಸಿದ್ದರೆ ನಳಿಗೆ ಉಬ್ಬುತ್ತಿತ್ತು, ಇಲ್ಲವೇ ಸೀಳುತ್ತಿತ್ತು. ಗುಂಡನ್ನು ಹೊರತೆಗೆಯುವ ಕೆಲಸ ಗನ್‌ಸ್ಮಿತ್‌ಗೆ ಬಿಟ್ಟೆ.

ಆದರೆ ನನಗೆ ನಿಜವಾದ ಭಯ ಹುಟ್ಟಿದ್ದು ಅವತ್ತು ರಾತ್ರಿ, ಮನೆಯಲ್ಲಿ.

ಉಳಿದ 85 ತೋಟಾಗಳನ್ನು ಮೊದಲು ಒಂದೊಂದಾಗಿ ತೂಗಿದೆ. ಅದರಿಂದ ಏನೂ ಗೊತ್ತಾಗಲಿಲ್ಲ, ಗೊತ್ತಾಗುವುದೂ ಇಲ್ಲ. ನಾನು ಹಾಕುತ್ತಿದ್ದ ಮದ್ದು ನಾಲ್ಕು ಗ್ರೇನಿಗೂ ಕಡಿಮೆ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಬೇರೆ ಬೇರೆ ಕಂಪನಿಯ ಹಿತ್ತಾಳೆ ಕೇಸ್‌ಗಳು (ಮದ್ದು, ಗುಂಡು ಹಿಡಿದಿಡುವ ತೋಟಾದ ಹೊರಕವಚ), ಅಚ್ಚಿನಲ್ಲಿ ಎರೆದ ಸೀಸದ ಗುಂಡುಗಳು ತಮ್ಮತಮ್ಮಲ್ಲೇ ಅಷ್ಟು ವ್ಯತ್ಯಾಸ ತೋರಿಸುತ್ತವೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದನ್ನೂ ನಂಬಬೇಡಿ. ಕೊನೆಗೆ ಗುಂಡು ಬಿಚ್ಚುವ ಸುತ್ತಿಗೆಯ (ತೋಟಾವನ್ನು ತಲೆಯೊಳಗೆ ಹಿಡಿದುಕೊಳ್ಳುವ ಟೊಳ್ಳು ಸುತ್ತಿಗೆ) ಒಳಗಿಟ್ಟು ಒಂದೊಂದನ್ನೇ ಕುಟ್ಟಿ ಬಿಚ್ಚಿದೆ. ನಲವತ್ತೋ ನಲವತ್ತೈದೋ ಆದಮೇಲೆ ಒಂದರಿಂದ ಸುರಿದ ಮದ್ದು ಕಣ್ಣಿಗೇ ಹೆಚ್ಚೆನಿಸಿತು. ತೂಗಿದೆ. ಸರಿಯಾಗಿ ಎರಡರಷ್ಟು, ಹಾರಿಸಿದ್ದರೆ ರಿವಾಲ್ವರೇ ಒಡೆಯಬಹುದಿತ್ತು. ಕೈ ನಡುಗಿತು. ಹೆಂಡತಿಯನ್ನು ಕೆಳಗೆ ಕರೆದು ತೋರಿಸಿದೆ. ಅವಳು ಏನೂ ಹೇಳಲಿಲ್ಲ, ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಹೀಗೇಕಾಯಿತು? ನನ್ನದು ನಾಲ್ಕು ಠಾಣೆಯ, ಅಂದರೆ ಕೇಸ್ ಒಂದೊಂದು ಕೆಲಸಕ್ಕೆ ನಿಲ್ಲುವ ನಾಲ್ಕು ಜಾಗಗಳಿರುವ ಪ್ರೆಸ್. ಮೊದಲನೆಯದರಲ್ಲಿ ಹಳೆ ಪ್ರೈಮರ್ ಹೊರಹೋಗಿ ಹೊಸದು ಕೂರುತ್ತದೆ, ಎರಡರಲ್ಲಿ ಮದ್ದು ಬೀಳುತ್ತದೆ, ಮೂರರಲ್ಲಿ ಗುಂಡು ಕೂರುತ್ತದೆ, ನಾಲ್ಕರಲ್ಲಿ ಬಾಯಿ ಬಿಗಿಯಾಗುತ್ತದೆ. ಹಿಡಿ ಎಳೆದ ಪ್ರತಿಸಲವೂ ನಾಲ್ಕೂ ಕೆಲಸ ಒಟ್ಟಿಗೇ ಆಗುತ್ತವೆ. ಕೆಲವು ಪ್ರೆಸ್‌ಗಳಲ್ಲಿ ಕೇಸ್ ಹಿಡಿಯುವ ತಟ್ಟೆ ತಾನೇ ತಿರುಗುತ್ತದೆ. ನನ್ನದರಲ್ಲಿ ಕೈಯಿಂದ ತಿರುಗಿಸಬೇಕು.

ಅವತ್ತು ಪ್ರೈಮರ್‌ಗಳು ಪೂರ್ತಿ ಒಳಗೆ ಕೂರುತ್ತಿರಲಿಲ್ಲ. ತಳಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೂ ರಿವಾಲ್ವರಿನ ಸಿಲಿಂಡರ್ ತಿರುಗದೆ ಹಿಡಿದುಕೊಳ್ಳುತ್ತದೆ. ಅದಕ್ಕೇ ನಿಲ್ಲಿಸಿ ಕೇಸ್ ತೆಗೆದೆ, ಬೆರಳಿನಿಂದ ಸವರಿ ನೋಡಿದೆ, ತಟ್ಟೆಯನ್ನು ಹಿಂದೆ ಮುಂದೆ ಆಡಿಸಿ ಕೆಳಗೆ ಇಣುಕಿದೆ. ಕಾರಣ ತೀರಾ ಸಣ್ಣದು: ಚೆಲ್ಲಿದ ಮದ್ದಿನ ಕಾಳುಗಳು, ಹಳೆ ಪ್ರೈಮರಿನ ಮಸಿ ಸೇರಿ ಪ್ರೈಮರ್ ಕೂರಿಸುವ ಬಟ್ಟಲಿನ ಕೆಳಗೆ ಗಟ್ಟಿಯಾಗಿದ್ದವು. ಕುಂಚದಲ್ಲಿ ಉಜ್ಜಿದರೆ ಮುಗಿಯಿತು. ಈ ಮಧ್ಯೆ ಊರಿಂದ ತಮ್ಮನ ಫೋನ್ ಬಂತು, ಮಾತಾಡುತ್ತಲೇ ಕೆಲಸ ಮುಂದುವರಿಸಿದೆ. ಒಂದು ಸಲ ತಟ್ಟೆ ತಿರುಗಿಸದೆಯೇ ಹಿಡಿ ಎಳೆದಿರಬೇಕು, ಎರಡನೇ ಠಾಣೆಯ ಕೇಸಿಗೆ ಮದ್ದು ಎರಡು ಸಲ ಬಿತ್ತು. ಇನ್ನೊಂದು ಸಲ ಎರಡು ಮನೆ ತಿರುಗಿಸಿರಬೇಕು, ಒಂದು ಕೇಸ್ ಮದ್ದಿಲ್ಲದೆ ಸೀದಾ ಗುಂಡಿನ ಠಾಣೆಗೆ ಹೋಯಿತು. ತೊಂದರೆ ಸರಿಪಡಿಸಲು ಹೋದಾಗಲೇ ಎರಡೂ ಅಪಾಯಗಳನ್ನು ನನ್ನ ಕೈಯಾರೆ ಹುಟ್ಟಿಸಿದ್ದೆ.

.38 ಸ್ಪೆಷಲ್ ವಿಷಯದಲ್ಲಿ ಇದು ಇನ್ನೂ ಮೋಸ. 1898ರಲ್ಲಿ ಈ ಬಗೆಯ ತೋಟಾ ಬಂದಾಗ ತುಂಬುತ್ತಿದ್ದದ್ದು ಕಪ್ಪು ಮದ್ದು. ಅದಕ್ಕೆ ಜಾಗ ಹೆಚ್ಚು ಬೇಕು, ಹಾಗಾಗಿ ಕೇಸ್ ಉದ್ದ. ಈಗಿನ ಹೊಗೆಯಿಲ್ಲದ ಮದ್ದು ತಳದಲ್ಲಷ್ಟೇ ನಿಲ್ಲುತ್ತದೆ. ಎರಡರಷ್ಟು ಬಿದ್ದರೂ ತುಳುಕುವುದಿಲ್ಲ, ಮೇಲ್ನೋಟಕ್ಕೆ ಕಾಣುವುದೂ ಇಲ್ಲ.

ನಮ್ಮದು ಕೊಡಗು. ನಮ್ಮಜ್ಜ ಕೇಪಿನ ಕೋವಿಗೆ ಮದ್ದು ಜಡಿಯುವಾಗ ಯಾರೂ ಮಾತಾಡಿಸುವಂತಿರಲಿಲ್ಲ. ನಾವು ಮಕ್ಕಳು ಅಂಗಳದಾಚೆ ನಿಲ್ಲಬೇಕಿತ್ತು. ಆ ಶಿಸ್ತು ಕಣ್ಣಾರೆ ಕಂಡು ಬೆಳೆದವನು ಫೋನ್ ಹಿಡಿದುಕೊಂಡು ತೋಟಾ ತುಂಬಿದೆನಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಈಗ ಪ್ರೆಸ್ ಯಾವ ಕಾರಣಕ್ಕೆ ನಿಂತರೂ ತಟ್ಟೆಯ ಮೇಲಿನ ನಾಲ್ಕೂ ಕೇಸ್ ತೆಗೆಯುತ್ತೇನೆ, ಮದ್ದನ್ನು ವಾಪಸ್ ಸುರಿಯುತ್ತೇನೆ, ಖಾಲಿ ತಟ್ಟೆಯಿಂದಲೇ ಮತ್ತೆ ಶುರು. ಗುಂಡಿನ ಠಾಣೆಯ ಮೇಲೆ ಸಣ್ಣ ಎಲ್ಇಡಿ ದೀಪ ಕಟ್ಟಿದ್ದೇನೆ, ಪ್ರತಿ ಕೇಸಿನೊಳಗೆ ಕಣ್ಣಿಟ್ಟು ನೋಡದೆ ಗುಂಡು ಇಡುವುದಿಲ್ಲ. ಮದ್ದನ್ನೂ ಬದಲಿಸಿದೆ. ಈಗಿನದು ಹಗುರ, ಕೇಸಿನಲ್ಲಿ ಹೆಚ್ಚು ಜಾಗ ತುಂಬುತ್ತದೆ, ಎರಡು ಸಲ ಬಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಪ್ರೈಮರ್ ಕೂರುವಾಗ ಬಿಗಿ ಅನಿಸಿದರೆ ಯಾರೂ ಬಲ ಹಾಕಬೇಡಿ. ಒಂದು ಸಿಡಿದರೆ ಕೊಳವೆಯಲ್ಲಿರುವ ಉಳಿದವೂ ಸಾಲಾಗಿ ಸಿಡಿಯಬಹುದು. ಕನ್ನಡಕ ಕಡ್ಡಾಯ.

ಊರಿನಲ್ಲಿರುವವರು ಇದನ್ನು ಓದಿ ಕೈಹಾಕಬೇಡಿ. ಇಲ್ಲಿ ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರಲು ಮಾತ್ರ ಬೇಕು. ಊರಿನಲ್ಲಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ತೋಟಾ ತಯಾರಿಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ನಿಗೆ ಬರುತ್ತದೆ, ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು.

ನಿಮ್ಮ ಕಪಾಟಿನಲ್ಲೂ ಪ್ರೆಸ್ ಮಧ್ಯದಲ್ಲಿ ನಿಂತ ದಿನ ತುಂಬಿದ ಡಬ್ಬವೊಂದು ಇರಬಹುದು. ಅದನ್ನು ರೇಂಜಿಗೆ ಒಯ್ಯಬೇಡಿ, ಬಿಚ್ಚಿ. ಬಿಚ್ಚುವ ಸುತ್ತಿಗೆ ಇಲ್ಲದವರು, ಕೊಲಂಬಸ್ ಸುತ್ತಮುತ್ತ ಇದ್ದರೆ, ಮನೆಗೆ ಬನ್ನಿ. ನನ್ನದನ್ನು ಕೊಡುತ್ತೇನೆ, ಜೊತೆಗೆ ಕೂತು ಬಿಚ್ಚೋಣ.