ಒಂದೇ ಹಲ್ಲಿಗೆ ಮತ್ತೆ ರೂಟ್ ಕೆನಾಲ್: ಪೇಟೆಯ ಕ್ಲಿನಿಕ್ಕೋ, ಡೆಂಟಲ್ ಕಾಲೇಜೋ?

ನನ್ನ ಕೆಳಸಾಲಿನ ಮುಂದಿನ ಹಲ್ಲಿಗೆ ಆರು ವರ್ಷದ ಹಿಂದೆ ರೂಟ್ ಕೆನಾಲ್ ಆಗಿತ್ತು. ಹೋದ ವರ್ಷ ಅದರ ಬುಡದಲ್ಲಿ, ಒಸಡಿನ ಮೇಲೆ ಸಾಸಿವೆಯಷ್ಟು ಗುಳ್ಳೆ ಎದ್ದಿತು. ನೋವಿಲ್ಲ, ಒತ್ತಿದರೆ ಕೀವು. ಕೋರಿರೊಟ್ಟಿ ಕಚ್ಚುವುದಕ್ಕೂ ಹೆದರಿಕೆ.

ಮೊದಲು ಮಂಗಳೂರು ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದೆ. ಸಂಜೆ ಆಫೀಸ್ ಮುಗಿಸಿ ಹೋಗಬಹುದು, ಕಾಯಬೇಕಿಲ್ಲ. ಒಂದು ಎಕ್ಸ್‌ರೇ ತೆಗೆದರು, ಹಿಂದೆ ತುಂಬಿದ್ದ ಅದೇ ನಾಳವನ್ನು (ಬೇರಿನೊಳಗಿನ ಸಣ್ಣ ಕೊಳವೆ) ಬಿಡಿಸಿ, ತೊಳೆದು, ಮತ್ತೆ ತುಂಬಿದರು. ಎರಡೇ ಸಿಟ್ಟಿಂಗ್. ಎರಡು ತಿಂಗಳಲ್ಲಿ ಗುಳ್ಳೆ ವಾಪಸ್.

ಆಮೇಲೆ ಮಂಗಳೂರಿನ ಹೊರವಲಯದ ದೇರಳಕಟ್ಟೆಯ ಒಂದು ಡೆಂಟಲ್ ಕಾಲೇಜು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ಸು, ತೊಕ್ಕೊಟ್ಟಿನಲ್ಲಿ ಟ್ರಾಫಿಕ್, ಪ್ರತಿ ಸಲ ಅರ್ಧ ದಿನ ರಜೆ. ಆದರೆ ಅಲ್ಲಿನ ರೂಟ್ ಕೆನಾಲ್ ಸ್ಪೆಷಲಿಸ್ಟ್ ಮೇಡಂ ಎಕ್ಸ್‌ರೇಯನ್ನು ನೇರವಾಗಿ ಒಮ್ಮೆ, ಓರೆಯಾಗಿ ಒಮ್ಮೆ ತೆಗೆಸಿದರು. "ನೋಡಿ, ತುಂಬಿದ ಬಿಳಿ ಗೆರೆ ಬೇರಿನ ನಡುವೆ ಇಲ್ಲ, ಒಂದು ಬದಿಗೆ ಸರಿದಿದೆ. ಇನ್ನೊಂದು ನಾಳ ಇರಬೇಕು" ಅಂದರು. ಹಲ್ಲನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್‌ನಲ್ಲಿ ಅದೇ ಖಚಿತವಾಯಿತು.

ಈ ಹಲ್ಲು ಎದುರಿನಿಂದ ಸಪೂರ, ತುಟಿಯಿಂದ ನಾಲಿಗೆಯ ಕಡೆಗೆ ಮಾತ್ರ ಅಗಲ. ನಾಳ ಎರಡಿದ್ದರೆ ಒಂದರ ಹಿಂದೆ ಒಂದು ನಿಂತಿರುತ್ತದೆ, ನೇರ ಎಕ್ಸ್‌ರೇಯಲ್ಲಿ ಒಂದೇ ಆಗಿ ಕಾಣುತ್ತದೆ. ತಪ್ಪಿಹೋಗುವುದು ಹೆಚ್ಚಾಗಿ ನಾಲಿಗೆಯ ಕಡೆಯದ್ದೇ. ಕ್ಲಿನಿಕ್ಕಿನಲ್ಲಿ ಮತ್ತೆ ತೊಳೆದದ್ದು ಆಗಲೇ ಸಿಕ್ಕಿದ್ದ ನಾಳವನ್ನು ಅಲ್ವಾ!

ಕಾಲೇಜಿನಲ್ಲಿ ಮೂರು ಸಿಟ್ಟಿಂಗ್. ಮೊದಲನೆಯದೇ ಎರಡು ಗಂಟೆ. ಹಲ್ಲಿನ ಸುತ್ತ ನೀಲಿ ರಬ್ಬರ್ ಡ್ಯಾಮ್ ಬಿಗಿದರು, ಎಂಜಲು ಒಳಗೆ ಹೋಗದಂತೆ ತಡೆಯುವ ತೆಳು ರಬ್ಬರ್ ಹಾಳೆ ಅದು. ಕ್ಲಿನಿಕ್ಕಿನಲ್ಲಿ ಅದು ಇರಲೇ ಇಲ್ಲ. ನಾಳಕ್ಕೆ ತುಂಬಿದ್ದ ಹಳೆಯ ಗಟ್ಟಾ ಪರ್ಚಾ (ರಬ್ಬರಿನಂಥ ವಸ್ತು) ಗುಲಾಬಿ ಬಣ್ಣದ ಚೂರುಗಳಾಗಿ ಟ್ರೇಗೆ ಬಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಹಲ್ಲಿಗೆ ಕೊರೆದ ತೂತನ್ನು ನಾಲಿಗೆಯ ಕಡೆಗೆ ಸ್ವಲ್ಪ ಸ್ವಲ್ಪವೇ ಅಗಲಿಸಿದರು. ಕೊನೆಗೆ "ಸಿಕ್ಕಿತು" ಅಂದರು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನದಂಥ ವಾಸನೆಯ ದ್ರಾವಣದಲ್ಲಿ ತೊಳೆದು, ಕ್ರಿಮಿ ಸಾಯಿಸುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ತುಂಬಿ ಎರಡು ವಾರ ಬಿಟ್ಟರು.

ಬೇರಿನ ತುದಿ ಕತ್ತರಿಸುವ ಸರ್ಜರಿ ಬಗ್ಗೆಯೂ ಕೇಳಿದ್ದೆ. ಒಳಗೆ ತೊಳೆಯದ ನಾಳ ಇರುವಾಗ ಅದು ಮೊದಲ ದಾರಿಯಲ್ಲ ಅಂದರು. ಹಲ್ಲು ಕೀಳಿಸಿ ಇಂಪ್ಲಾಂಟ್ (ಎಲುಬಿಗೆ ಕೂರಿಸುವ ಕೃತಕ ಬೇರು) ಹಾಕಿಸುವುದು ನನಗೆ ಬೇಡವೇ ಬೇಡ, ಬೇರು ಗಟ್ಟಿಯಾಗಿತ್ತು.

ನನ್ನ ಮಟ್ಟಿಗೆ ಕಾಲೇಜೇ ಸರಿ, ರಜೆ ಹೋದರೂ. ಪೇಟೆಯಲ್ಲೇ ಮಾಡಿಸುವವರು ಓರೆ ಎಕ್ಸ್‌ರೇ, ರಬ್ಬರ್ ಡ್ಯಾಮ್, ಮೈಕ್ರೋಸ್ಕೋಪ್ ಇದೆಯಾ ಅಂತ ಮೊದಲೇ ಕೇಳಿ, ಸಂಕೋಚ ಬೇಡ.

ಗುಳ್ಳೆ ಮಾಯವಾಗಿದೆ. ಆರು ತಿಂಗಳ ಎಕ್ಸ್‌ರೇಯಲ್ಲಿ ಬೇರಿನ ತುದಿಯಲ್ಲಿ ಸೋಂಕು ತೋರಿಸುತ್ತಿದ್ದ ಕಪ್ಪು ನೆರಳು ಸಣ್ಣದಾಗಿದೆ. ಒಂದು ವರ್ಷಕ್ಕೆ ಇನ್ನೊಮ್ಮೆ ತೆಗೆಸಬೇಕು.