ವಿಮಾನದ ಸದ್ದು: ಹಸಿರು ನ್ಯಾಯಮಂಡಳಿಗಾ, ಹೈಕೋರ್ಟಿಗಾ?

ದೇವನಹಳ್ಳಿಯಿಂದ ಹಾರುವವರು ಬೇರೆ. ಚಿಕ್ಕಬಳ್ಳಾಪುರದ ಕಡೆಯ ಹಳ್ಳಿಗಳಲ್ಲಿ ಸದ್ದು ಕೇಳಿಸಿಕೊಳ್ಳುವವರು ಬೇರೆ, ಅಲ್ವಾ? ದೂರು ಕೊಡಲು ಹೊರಟವರಿಗೆ ಎರಡು ದಾರಿ ಇವೆ.

ಮೊದಲು ಮಿತಿ ತಿಳಿದಿರಲಿ. 2000ರ ಶಬ್ದ ನಿಯಮದಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. 2018ರಲ್ಲಿ ವಿಮಾನ ನಿಲ್ದಾಣದ ಶಬ್ದ ವಲಯಕ್ಕೆ, ಅಂದರೆ ವಿಮಾನದ ಸದ್ದು ಬೀಳುವ ಸುತ್ತಲ ಪ್ರದೇಶಕ್ಕೆ, ಬೇರೆ ಲೆಕ್ಕ ಬಂತು: ವರ್ಷಕ್ಕೆ 50,000ಕ್ಕಿಂತ ಜಾಸ್ತಿ ಹಾರಾಟ ಇರುವ ಕಡೆ ಹಗಲು 70, ರಾತ್ರಿ 65. ಕಾನೂನೇ ಇಷ್ಟು ಸಡಿಲ ಬಿಟ್ಟಿದೆ.

ಪರಿಸರದ ದೂರುಗಳನ್ನೇ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ, ವಕೀಲರಿಲ್ಲದೆ ನೀವೇ ವಾದಿಸಬಹುದು. ಪರಿಸರ ತಿಳಿದ ತಜ್ಞ ಸದಸ್ಯರೂ ಕೂತಿರುತ್ತಾರೆ. ತೊಡಕು ಅಂದರೆ ಗಡುವು. ತೊಂದರೆ ಶುರುವಾದ 6 ತಿಂಗಳಲ್ಲಿ ಹೋಗಬೇಕು, ಸಕಾರಣ ಇದ್ದರೆ ಇನ್ನೂ 60 ದಿನ. ಪರಿಹಾರಕ್ಕಾದರೆ 5 ವರ್ಷ.

ಹೈಕೋರ್ಟ್ ಹತ್ತಿರದಲ್ಲೇ ಇದೆ, ಅಲ್ಲಿ ಇಂಥ ಗಡುವೂ ಇಲ್ಲ. ಆದರೆ ಸುಮ್ನೆ ತಡ ಮಾಡಿದರೆ ಪ್ರಶ್ನೆ ಬರುತ್ತದೆ, ಖರ್ಚೂ ಜಾಸ್ತಿ.

ಮಿತಿ ಮೀರಿದೆ ಎನ್ನುವುದಾದರೆ ನಾನು ಚೆನ್ನೈ ಕಡೆ ನೋಡುತ್ತೇನೆ. ಮಿತಿಯೇ ತಪ್ಪು ಎನ್ನುವುದಾದರೆ ಹೈಕೋರ್ಟೇ ಸರಿ. ಎರಡಕ್ಕೂ ರಾತ್ರಿ 10ರಿಂದ ಬೆಳಗ್ಗೆ 6ರ ಅಳತೆ ಬೇಕು, ಮೊಬೈಲ್ ಆ್ಯಪ್‌ನದ್ದಲ್ಲ.