ಪೋರ್ಟ್ ಸೇಂಟ್ ಜಾನ್ಸ್ ನೈಟ್ ವಾಕ್: ಕುಳ್ಳ ಊಸರವಳ್ಳಿ ನೋಡಲು ಹೋಗಬಹುದು

ದಕ್ಷಿಣ ಆಫ್ರಿಕಾದ ಪೋರ್ಟ್ ಸೇಂಟ್ ಜಾನ್ಸ್ ಕಡೆ ಹೋದರೆ ಇದನ್ನು ಬಿಡಬೇಡಿ. ಪೊಂಡೊ ಕುಳ್ಳ ಊಸರವಳ್ಳಿ ಇರುವುದೇ ಆ ಸುತ್ತಮುತ್ತಲ ಕರಾವಳಿ ಕಾಡಿನಲ್ಲಿ, ಕಾಡು ಕಡಿದಷ್ಟೂ ಅದಕ್ಕೆ ಜಾಗ ಕಮ್ಮಿ, ಅಳಿವಿನಂಚಿಗೆ ಬಂದಿದೆ. ಹಗಲಲ್ಲಿ ಎಲೆಗಳ ಮಧ್ಯೆ ಹುಡುಕುವುದು ಸುಮ್ನೆ ಕಣ್ಣಿಗೆ ಕೆಲಸ. ರಾತ್ರಿ ಮಲಗಿದಾಗ ಮೈ ಬಿಳಿಚಿಕೊಳ್ಳುತ್ತದೆ, ಟಾರ್ಚ್ ಬಿಟ್ಟರೆ ಸಣ್ಣ ಕೊಂಬೆಯ ತುದಿಯಲ್ಲಿ ಬಾಲ ಸುರುಳಿ ಸುತ್ತಿಕೊಂಡು ಕೂತಿರುವುದು ಥಟ್ಟನೆ ಕಾಣುತ್ತದೆ.

ಗೈಡ್ ಯಾರಿಗೂ ಮುಟ್ಟಲು ಬಿಡಲಿಲ್ಲ, ಒಳ್ಳೆಯದೇ. ಆದರೆ ಗುಂಪು ತುಂಬಾ ದೊಡ್ಡದು, ಎಲ್ಲರೂ ಒಟ್ಟಿಗೆ ಮುಖಕ್ಕೇ ಟಾರ್ಚ್ ಹಿಡಿದರೆ ಪಾಪ ಅದು ನಿದ್ದೆ ಮಾಡುವುದು ಹೇಗೆ ಅಲ್ವಾ? ಇದರ ಬಂಧು ಕೇಪ್ ಕುಳ್ಳ ಊಸರವಳ್ಳಿ ಕೇಪ್ ಟೌನ್ ಮನೆಗಳ ತೋಟದಲ್ಲೂ ಸಿಗುತ್ತದೆ, ಎರಡೂ ಮೊಟ್ಟೆಯಿಡದೆ ನೇರ ಮರಿ ಹಾಕುತ್ತವೆ. ಇಷ್ಟು ಮಜವಾದ ವಿಷಯವನ್ನು ಗೈಡ್ ಹೇಳಲೇ ಇಲ್ಲ. ನಾಲ್ಕು ಸ್ಟಾರ್.